ಮೂವತ್ತು ದಿನ, ಆಮೇಲೆ ಎರಡು ವರ್ಷ

2010ರಲ್ಲಿ ನಾನು ಎಸ್ಸೆಸ್ಸೆಲ್ಸಿ ಫೇಲಾದೆ. ಗಣಿತದಲ್ಲಿ 19, ಇಂಗ್ಲಿಷಿನಲ್ಲಿ 27. ಜೂನ್‌ನಲ್ಲಿ ಪೂರಕ ಪರೀಕ್ಷೆ ಇತ್ತು. ಫೀಸು ಕಟ್ಟು ಅಂತ ಅವ್ವ ಶೇಂಗಾ ಬಿಡಿಸಿದ ಕೂಲಿಯಲ್ಲಿ ದುಡ್ಡು ಎತ್ತಿಟ್ಟು ಕೊಟ್ಟಳು. ನಾನು ಕಟ್ಟಲಿಲ್ಲ. ಕಟ್ಟಿದ್ದೀನಿ ಅಂತ ಸುಳ್ಳು ಹೇಳಿದೆ. ಪರೀಕ್ಷೆಯ ದಿನ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಮನೆಯಿಂದ ಹೊರಟು, ಸಂಜೆಯವರೆಗೂ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕೂತು ವಾಪಸ್ ಬಂದೆ. "ಹೆಂಗೆ ಬರೆದೆ ಮಗಾ?" ಅಂತ ಅವ್ವ ಕೇಳಿದಳು. "ಚೆನ್ನಾಗಿ ಬರೆದೀನಿ" ಅಂದೆ. ಅವಳು ಅವತ್ತು ಪಾಯಸ ಮಾಡಿದ್ದಳು.

ಇದನ್ನು ಮೊದಲೇ ಯಾಕೆ ಹೇಳ್ತಾ ಇದೀನಿ ಅಂದ್ರೆ, ನನ್ನಂಥ ಹುಡುಗರು ಹೇಗೆ ದಾರಿ ತಪ್ಪುತ್ತಾರೆ ಅನ್ನೋದು ಹೊರಗಿನವರಿಗೆ ಗೊತ್ತಾಗೋದಿಲ್ಲ. ಒಂದೇ ದಿನಕ್ಕೆ ಯಾರೂ ಕೆಡೋದಿಲ್ಲ. ಒಂದು ಸುಳ್ಳು ಹೇಳಿದ ಮೇಲೆ ಮನೆಯವರ ಮುಖ ನೋಡೋದು ಕಷ್ಟ ಆಗುತ್ತೆ. ಹೊರಗೆ ಜಾಸ್ತಿ ಹೊತ್ತು ಇರೋಕೆ ಶುರು ಮಾಡ್ತೀವಿ. ಹೊರಗೆ ಯಾರು ಸಿಗ್ತಾರೋ ಅವರ ಜೊತೆ ಸೇರ್ತೀವಿ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ ಸೀಮೆ. ಮಳೆ ಬಂದ ವರ್ಷ ಬೆಳೆ, ಬಾರದ ವರ್ಷ ಸಾಲ. ಮೊದಲ ವರ್ಷ ಲಾರಿಯಲ್ಲಿ ಕ್ಲೀನರ್ ಆಗಿ ಹೋದೆ. ಆಮೇಲೆ ಮಂಡಿಯಲ್ಲಿ ಮೂಟೆ ಹೊತ್ತೆ. ಕುಡಿಯೋದು ಕಲಿತೆ. 18 ತುಂಬುವ ಹೊತ್ತಿಗೆ ಓಸಿ, ಅಂದ್ರೆ ನಂಬರಿನ ಮೇಲೆ ದುಡ್ಡು ಕಟ್ಟೋ ಮಟ್ಕಾ ಜೂಜು, ಬರೆಯುವವರ ಕೈಕೆಳಗೆ ಚೀಟಿ ಕಲೆಕ್ಟ್ ಮಾಡೋಕೆ ನಿಂತಿದ್ದೆ. ಟೀ ಅಂಗಡಿ, ಕಟಿಂಗ್ ಶಾಪ್ ಸುತ್ತಿ ಚೀಟಿ ತರೋದು, ದುಡ್ಡು ಎಣಿಸಿ ಕೊಡೋದು. ದಿನಕ್ಕೆ ಇನ್ನೂರು ಸಿಗ್ತಿತ್ತು. ಅದರಲ್ಲಿ ನೂರು ನಾನೇ ಓಸಿಗೆ ಹಾಕ್ತಿದ್ದೆ. 2013ರ ಗಣೇಶನ ಹಬ್ಬದ ಹಿಂದಿನ ದಿನ ಪೊಲೀಸರು ಹಿಡಿದರು. ಒಂದು ರಾತ್ರಿ ಸ್ಟೇಷನ್ನಿನಲ್ಲಿ ಕೂರಿಸಿದರು. ಬೆಳಗ್ಗೆ ಅಪ್ಪ ಬಂದು ಬಿಡಿಸಿಕೊಂಡು ಹೋದ. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಊರ ಹತ್ತಿರ ಬಂದಾಗ, "ನೀನು ಮುಂದೆ ನಡಿ, ನಾನು ಆಮೇಲೆ ಬರ್ತೀನಿ" ಅಂದ. ನನ್ನ ಜೊತೆ ಊರೊಳಗೆ ನಡೆಯೋಕೆ ಅಪ್ಪನಿಗೆ ನಾಚಿಕೆ ಆಗಿತ್ತು.

ತರಬೇತಿಯ ವಿಷಯ ಮನೆಗೆ ತಂದವಳು ಅವ್ವ. ಅವಳ ಸಂಘದ ಮೀಟಿಂಗಿಗೆ ಬ್ಯಾಂಕಿನ ಕಡೆಯವರು ಒಬ್ಬರು ಬಂದು, ನಿರುದ್ಯೋಗಿ ಹುಡುಗರಿಗೆ ಉಚಿತ ತರಬೇತಿ ಇದೆ, ಊಟ ವಸತಿ ಅವರದ್ದೇ ಅಂತ ಹೇಳಿ ಅರ್ಜಿ ಹಂಚಿದ್ದರಂತೆ. ಅವ್ವ ಅರ್ಜಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಬೆವರಿಗೆ ಅರ್ಧ ಒದ್ದೆಯಾಗಿತ್ತು. "ಏನು ಬೇಕಾದರೂ ಕಲಿ. ಒಂದು ತಿಂಗಳು ಊರು ಬಿಟ್ಟು ಇರು, ಸಾಕು" ಅಂದಳು. ಅವಳಿಗೆ ಬೇಕಾಗಿದ್ದು ಅಷ್ಟೇ. ನನಗೂ ಆಗ ಅಷ್ಟೇ ಅನ್ನಿಸಿತ್ತು.

ಅರ್ಜಿಗೆ ರೇಷನ್ ಕಾರ್ಡು, ಟಿ.ಸಿ., ನಾಲ್ಕು ಫೋಟೊ ಕೇಳಿದ್ದರು. ವಯಸ್ಸು 18ರಿಂದ 45ರ ಒಳಗಿರಬೇಕು. ಪಾಸಾಗಿರಬೇಕು ಅಂತ ಎಲ್ಲೂ ಇರಲಿಲ್ಲ. ನಾನು ಅದನ್ನು ಎರಡು ಸಲ ಓದಿದೆ. ಐಟಿಐ ಎಲೆಕ್ಟ್ರಿಷಿಯನ್‌ಗೆ ಸೇರಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಇಲ್ಲಿ ಫೇಲಾದವನಿಗೂ ಒಂದು ಬಾಗಿಲು ಇತ್ತು.

ಸೇರುವ ಮೊದಲು ಒಂದು ಸಂದರ್ಶನ ಇತ್ತು. ಮೇಜಿನ ಆಚೆ ಇಬ್ಬರು ಸರ್, ಒಬ್ಬರು ಮೇಡಂ. "ಮೂರು ವರ್ಷ ಏನು ಮಾಡ್ತಿದ್ದೆ?" ಅಂತ ಕೇಳಿದರು. ಲಾರಿ, ಮಂಡಿ ಅಂದೆ. ಓಸಿ ವಿಷಯ ಹೇಳಲಿಲ್ಲ. "ಯಾವ ಕೆಲಸ ಕಲಿಯೋಕೆ ಇಷ್ಟ?" ಮೊಬೈಲ್ ರಿಪೇರಿ ಅಂದೆ, ಎಲ್ಲರೂ ಅದನ್ನೇ ಹೇಳ್ತಿದ್ದರು. ಮೇಡಂ ಅರ್ಜಿ ನೋಡಿ, "ನಿಮ್ಮೂರಲ್ಲಿ ಬೋರ್‌ವೆಲ್ ಎಷ್ಟಿವೆ?" ಅಂದರು. ನೂರರ ಮೇಲಿರಬಹುದು ಅಂದೆ. "ಮೋಟರ್ ಸುಟ್ಟರೆ ಎಲ್ಲಿಗೆ ಒಯ್ತಾರೆ?" ಚಳ್ಳಕೆರೆಗೆ. "ಎಷ್ಟು ದಿನ ಆಗುತ್ತೆ?" ನಾಲ್ಕು ದಿನ, ಬೇಸಿಗೆಯಲ್ಲಿ ಎಂಟು ದಿನ. "ಆ ಎಂಟು ದಿನದಲ್ಲಿ ಬೆಳೆ ಏನಾಗುತ್ತೆ?" ನಾನು ಉತ್ತರ ಹೇಳಬೇಕಾಗಿರಲಿಲ್ಲ. ಮೋಟರ್ ರಿವೈಂಡಿಂಗ್ (ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟೋದು) ಮತ್ತು ಪಂಪ್‌ಸೆಟ್ ರಿಪೇರಿ, ಮೂವತ್ತು ದಿನದ ತರಬೇತಿ, 2014ರ ಜನವರಿ ಬ್ಯಾಚಿಗೆ ಹೆಸರು ಬರೆದುಕೊಂಡರು.

ಈ ಕೇಂದ್ರಗಳ ಹಿಂದೆ ಒಂದು ಕಥೆ ಇದೆ. ಮೊದಲ ದಿನ ನಿರ್ದೇಶಕರು ಅದನ್ನೇ ಹೇಳಿದರು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂವರೂ ಸೇರಿ ರುಡ್‌ಸೆಟ್ ಅಂತ ಒಂದು ಸಂಸ್ಥೆ ಶುರು ಮಾಡಿದರು. ಕೆಲಸ ಕೇಳಿಕೊಂಡು ಧರ್ಮಸ್ಥಳಕ್ಕೆ ಬರುತ್ತಿದ್ದ ಹುಡುಗರಿಗೆಲ್ಲ ನೌಕರಿ ಕೊಡೋಕೆ ಯಾರಿಂದಲೂ ಆಗೋದಿಲ್ಲ, ಕೈಗೊಂದು ಕಸುಬು ಕೊಟ್ಟರೆ ಅವರೇ ದುಡಿದುಕೊಳ್ತಾರೆ ಅನ್ನೋದು ವೀರೇಂದ್ರ ಹೆಗ್ಗಡೆಯವರ ಯೋಚನೆ. ಅದು ಚೆನ್ನಾಗಿ ನಡೆದದ್ದನ್ನು ನೋಡಿ, 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಅದೇ ಮಾದರಿಯಲ್ಲಿ ಜಿಲ್ಲೆಗೊಂದು ಕೇಂದ್ರ ಮಾಡಬೇಕು ಅಂತ ಯೋಜನೆ ತಂದಿತು. ಅದಕ್ಕೆ ಆರ್‌ಸೆಟಿ ಅಂತ ಹೆಸರು. ನಡೆಸುವುದು ಬ್ಯಾಂಕುಗಳು. ಉಜಿರೆಯಲ್ಲಿ ಹಚ್ಚಿದ ದೀಪ ದೇಶಕ್ಕೆಲ್ಲ ಹೋಯಿತು ಅಂತ ಸರ್ ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು. ನನಗೆ ಆಗ ಅರ್ಥ ಆಗಲಿಲ್ಲ. ಈಗ ಆಗುತ್ತೆ.

ನಾವು 31 ಹುಡುಗರು ಇದ್ದೆವು. ಒಂದು ದೊಡ್ಡ ಹಾಲಿನಲ್ಲಿ ಮಂಚಗಳು. ಬೆಳಗ್ಗೆ ಆರಕ್ಕೆ ಗಂಟೆ ಹೊಡೀತಿತ್ತು. ಯೋಗ, ಆಮೇಲೆ ಅಂಗಳ ಗುಡಿಸೋದು, ಕಕ್ಕಸು ತೊಳೆಯೋದು, ಗಿಡಕ್ಕೆ ನೀರು ಹಾಕೋದು. ಅದಕ್ಕೆ ಶ್ರಮದಾನ ಅಂತಿದ್ದರು. ತಿಂಡಿ ಆದ ಮೇಲೆ ಪ್ರಾರ್ಥನೆ. ಪ್ರಾರ್ಥನೆ ಮುಗಿದ ಮೇಲೆ 'ಮಿಲ್ಲಿ'. ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಏನು ಅಂತ ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು. ಮೊದಲ ಸಲ ನನ್ನ ಸರದಿ ಬಂದಾಗ ಕಾಲು ನಡುಗಿ ಬಾಯಿಂದ ಮಾತೇ ಹೊರಡಲಿಲ್ಲ. ಶಾಲೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದದ್ದು ಬೈಯೋಕೆ ಮಾತ್ರ. ಇಲ್ಲಿ ಸರ್ ಸುಮ್ನೆ ಕಾದರು. ಒಂದು ನಿಮಿಷ ಆಯಿತು, ಎರಡು ನಿಮಿಷ ಆಯಿತು. "ಪರವಾಗಿಲ್ಲ, ನಾಳೆ ಹೇಳು" ಅಂದರು. ಮರುದಿನ ಮೊದಲು ಎದ್ದವನು ನಾನೇ.

ಮೊದಲ ವಾರ ಮೋಟರ್ ಮುಟ್ಟಲೇ ಇಲ್ಲ. ಆಟ ಆಡಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ ಎಡಗೈಯಲ್ಲಿ ಮರದ ತುಂಡು ಒಂದರ ಮೇಲೆ ಒಂದು ಜೋಡಿಸೋ ಆಟ ಒಂದಿತ್ತು. ನನ್ನನ್ನು ತಟ್ಟಿದ್ದು ಬಳೆ ಎಸೆಯೋ ಆಟ. ನೆಲಕ್ಕೆ ಒಂದು ಗೂಟ ನೆಟ್ಟು, ಅದರಿಂದ ದೂರಕ್ಕೆ ಸಾಲಾಗಿ ಸುಣ್ಣದ ಗೆರೆ ಹಾಕಿದ್ದರು. ಹತ್ತಿರದ ಗೆರೆಗೆ ಅಂಕ ಕಡಿಮೆ, ದೂರದ ಗೆರೆಗೆ ಜಾಸ್ತಿ. ಎಲ್ಲಿ ನಿಂತು ಎಸೀತೀನಿ, ಎಷ್ಟು ಬಳೆ ಬೀಳಿಸ್ತೀನಿ ಅಂತ ಮೊದಲೇ ಹೇಳಬೇಕು. ನಾನು ಕೊನೆಯ ಗೆರೆಗೆ ಹೋಗಿ ನಿಂತೆ. ಒಂದೂ ಬೀಳಲಿಲ್ಲ. ಎರಡನೇ ಸುತ್ತಿಗೂ ಅಲ್ಲೇ ನಿಂತೆ, ಆಗಲೂ ಬೀಳಲಿಲ್ಲ. ಮೂರನೇ ಸುತ್ತಿಗೆ ಸರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಓಸಿ ಆಡ್ತೀಯೇನಪ್ಪಾ?"

ನನ್ನ ಮೈಯೆಲ್ಲ ತಣ್ಣಗಾಯಿತು. ಅವರಿಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಹುಡುಗರನ್ನು ನೋಡಿ ನೋಡಿ, ಯಾರು ಎಲ್ಲಿ ನಿಲ್ತಾರೆ ಅನ್ನೋದರಿಂದಲೇ ಅವರಿಗೆ ಗೊತ್ತಾಗ್ತಿತ್ತು. ಬೈಯಲಿಲ್ಲ. "ಎರಡು ಗೆರೆ ಮುಂದೆ ಬಾ. ಅಲ್ಲಿಂದ ಬಿದ್ದರೆ ಅದು ನಿನ್ನ ಕೈ. ಇಲ್ಲಿಂದ ಬಿದ್ದರೆ ಅದು ಅದೃಷ್ಟ" ಅಂದರು. ಎರಡು ಗೆರೆ ಮುಂದೆ ಬಂದೆ. ಐದರಲ್ಲಿ ಎರಡು ಬಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದಿನಾ ನೂರು ರೂಪಾಯಿ ಎಲ್ಲಿಗೆ ಹೋಗ್ತಿತ್ತು ಅಂತ ಮೊದಲ ಸಲ ಕೂತು ಲೆಕ್ಕ ಹಾಕಿದೆ.

ಒಂಬತ್ತನೇ ದಿನ ಓಡಿಹೋದೆ. ಇದನ್ನು ಮುಚ್ಚಿಡಬಾರದು. ಹಳೇ ಜೊತೆಗಾರ ಫೋನ್ ಮಾಡಿ, ಸಂತೆ ದಿನ ಒಂದು ಕೈ ಕಡಿಮೆ ಇದೆ, ಐನೂರು ಕೊಡಿಸ್ತೀನಿ ಬಾ ಅಂದ. ಸಂಜೆ ಬ್ಯಾಗ್ ತಗೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ ಅರ್ಧ ಗಂಟೆ ತಡ. ಅಷ್ಟರಲ್ಲಿ ಪಕ್ಕದ ಮಂಚದ ಹುಡುಗ ಹುಡುಕಿಕೊಂಡು ಬಂದ. ಅವನು ಮೊಳಕಾಲ್ಮೂರು ಕಡೆಯವನು, ನನಗಿಂತ ಒಂದು ವರ್ಷ ಚಿಕ್ಕವನು. "ಅಣ್ಣಾ, ನಾಳೆ ಮೋಟರಿನ ಸ್ಟೇಟರ್ ಬಿಚ್ಚಿಸ್ತಾರಂತೆ. ನನಗೆ ಜೋಡಿ ನೀನೇ. ನೀನು ಹೋದರೆ ನಾನು ಯಾರ ಜೊತೆ ಮಾಡ್ಲಿ?" ಅಂದ. ಬುದ್ಧಿಮಾತು ಏನೂ ಹೇಳಲಿಲ್ಲ. ಅವನಿಗೆ ಜೋಡಿ ಬೇಕಿತ್ತು, ಅಷ್ಟೇ. ಇಬ್ಬರೂ ಟೀ ಕುಡಿದು ವಾಪಸ್ ನಡೆದುಕೊಂಡು ಬಂದೆವು. ಗೇಟಿನ ಹತ್ತಿರ ಸರ್ ನಿಂತಿದ್ದರು. "ಊಟಕ್ಕೆ ತಡ ಆಯ್ತು, ಹೋಗಿ" ಅಂದರು, ಬೇರೇನೂ ಕೇಳಲಿಲ್ಲ.

ಇನ್ನು ಕೆಲಸದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನನ್ನ ಜೀವನ ತಿರುಗಿದ್ದು ಇಲ್ಲೇ.

ತ್ರೀ ಫೇಸ್ ಮೋಟರಿನ ಹೊರಗಿನ ಭಾಗಕ್ಕೆ ಸ್ಟೇಟರ್ ಅಂತಾರೆ. ಅದರ ಒಳಗೋಡೆಯಲ್ಲಿ ಉದ್ದುದ್ದ ತೋಡುಗಳಿರುತ್ತವೆ, ಅವು ಸ್ಲಾಟ್. ತಾಮ್ರದ ತಂತಿ ಕೂರೋದು ಅಲ್ಲಿ. ನಮಗೆ ಕೊಟ್ಟದ್ದು 24 ಸ್ಲಾಟಿನದು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಚಕ್ರ ಬರೆದರು. "ಒಂದು ಸುತ್ತು ಎಷ್ಟು ಡಿಗ್ರಿ?" ಯಾರೋ 360 ಅಂದರು. "ಅದನ್ನು 24 ಸ್ಲಾಟಿಗೆ ಹಂಚು" ಅಂತ ನನ್ನ ಕಡೆ ಕೈ ತೋರಿಸಿದರು. ಗಣಿತ ಅಂದ ಕೂಡಲೇ ಎದೆ ಹೊಡೆದುಕೊಂಡಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಭಾಗಾಕಾರ ಮಾಡಿದೆ. 15 ಬಂತು. "ಸರಿ. ಒಂದು ಫೇಸಿನಿಂದ ಇನ್ನೊಂದು ಫೇಸ್ 120 ಡಿಗ್ರಿ ದೂರ ಇರಬೇಕು. ಈ ಮೋಟರಿನಲ್ಲಿ ಅದು ಎಷ್ಟು ಸ್ಲಾಟ್?" 120ರಲ್ಲಿ 15 ಎಷ್ಟು ಸಲ? ಎಂಟು. "ಹಾಗಾದ್ರೆ ಮೊದಲ ಫೇಸ್ ಒಂದನೇ ಸ್ಲಾಟಿನಿಂದ ಶುರು ಆದರೆ, ಎರಡನೆಯದು?" ಒಂಬತ್ತು. "ಮೂರನೆಯದು?" ಹದಿನೇಳು.

"ಹೋಗು, ಗುರುತು ಹಾಕು" ಅಂದರು. ಸ್ಟೇಟರ್ ಹತ್ತಿರ ಹೋಗಿ 1, 9, 17ರ ಮೇಲೆ ಸುಣ್ಣದ ಗುರುತು ಹಾಕಿದೆ. ಮೂರೂ ಒಂದಕ್ಕೊಂದು ಸಮ ದೂರದಲ್ಲಿ ಕೂತಿದ್ದವು, ಮೂರು ಕಲ್ಲಿನ ಒಲೆ ಥರ. ಹತ್ತು ವರ್ಷ ಶಾಲೆಯಲ್ಲಿ ನನಗೆ ಲೆಕ್ಕ ಬರೋದಿಲ್ಲ ಅಂತ ಹೇಳಿದ್ದರು, ನಾನು ನಂಬಿದ್ದೆ. ಲೆಕ್ಕ ಬರ್ತಿತ್ತು. ಅದು ಯಾತಕ್ಕೆ ಅಂತ ಯಾರೂ ತೋರಿಸಿರಲಿಲ್ಲ.

ಆಮೇಲೆ ಫಾರ್ಮ ಅನ್ನೋ ಅಚ್ಚಿನ ಮೇಲೆ ತಂತಿ ಸುತ್ತೋದು. ಸುತ್ತು ಎಣಿಸಬೇಕು, ಒಂದು ಹೆಚ್ಚಾಗಬಾರದು, ಒಂದು ಕಡಿಮೆ ಆಗಬಾರದು. ಮಧ್ಯೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿ ಮತ್ತೆ ಮೊದಲಿಂದ. ಸ್ಲಾಟಿಗೆ ಇನ್ಸುಲೇಷನ್ ಪೇಪರ್ ಹಾಕೋದು, ತಂತಿ ಇಳಿಸೋದು, ಸ್ಲೀವ್ ಹಾಕಿ ಕನೆಕ್ಷನ್ ಕೊಡೋದು, ದಾರ ಕಟ್ಟೋದು, ವಾರ್ನಿಷ್ ಹಾಕಿ ಒಣಗಿಸೋದು. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರ್ ಬೇರೆ ಜಾತಿ. ಅದು ನೀರು ತುಂಬಿಕೊಂಡೇ ಓಡೋದು. ಅದಕ್ಕೆ ವಾರ್ನಿಷ್ ಇಲ್ಲ, ಪ್ಲಾಸ್ಟಿಕ್ ಹೊದಿಕೆ ಇರುವ ತಂತಿ. ಅದನ್ನು ಸ್ಲಾಟಿನೊಳಗೆ ಒಂದೊಂದೇ ಎಳೆ ತೂರಿಸಿ ಎಳೀಬೇಕು. ಎಳೆಯುವಾಗ ಹೊದಿಕೆಗೆ ಒಂದು ಸಣ್ಣ ಗೀರು ಬಿದ್ದರೂ ನೀರಿಗಿಳಿದ ದಿನವೇ ಮೋಟರ್ ಹೋಯಿತು. ಮೊಳಕಾಲ್ಮೂರಿನ ಹುಡುಗನ ಕೈ ಎಷ್ಟು ನಯ ಅಂದ್ರೆ, ತಂತಿ ಅವನ ಬೆರಳಲ್ಲಿ ರೇಷ್ಮೆ ಎಳೆ ಥರ ಹರೀತಿತ್ತು. ಅವರ ಮನೆಯಲ್ಲಿ ಸೀರೆ ಮಗ್ಗ ಇತ್ತಂತೆ. ನಮ್ಮ ಬ್ಯಾಚಿನಲ್ಲಿ ಅವನೇ ಎಲ್ಲರಿಗಿಂತ ಚೆನ್ನಾಗಿ ಕಲಿತವನು. ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಯ ವಾರ ನಮ್ಮನ್ನು ಊರೊಳಗೆ ಮಾರ್ಕೆಟ್ ಸರ್ವೆಗೆ ಕಳಿಸಿದರು. ಅಂಗಡಿ ಬಾಡಿಗೆ ಎಷ್ಟು, ತಾಮ್ರ ಕೇಜಿಗೆ ಎಷ್ಟು, ರಿವೈಂಡಿಂಗಿಗೆ ಏನು ತಗೊಳ್ತಾರೆ ಅಂತ ಕೇಳಿ ಬರೆದುಕೊಂಡು ಬಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಿದೆವು. ಮೂವತ್ತನೇ ದಿನ ಸರ್ಟಿಫಿಕೇಟ್ ಕೊಟ್ಟರು. ಅವ್ವ ಅಪ್ಪ ಇಬ್ಬರೂ ಬಂದಿದ್ದರು. ಫೋಟೊ ತೆಗೆಸಿಕೊಂಡೆವು. ವಾಪಸ್ ಹೋಗುವಾಗ ಅಪ್ಪ ನನ್ನ ಜೊತೆಗೇ ಊರೊಳಗೆ ನಡೆದ.

ಇಂಥ ಕಥೆಗಳನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಸರ್ಟಿಫಿಕೇಟ್, ಫೋಟೊ, ಚಪ್ಪಾಳೆ. ಆದರೆ ನಿಜವಾದ ಕಷ್ಟ ಶುರುವಾಗೋದು ಮೂವತ್ತೊಂದನೇ ದಿನ. ತರಬೇತಿ ಕೇಂದ್ರದಲ್ಲಿ ಆರಕ್ಕೆ ಗಂಟೆ ಹೊಡೀತಿತ್ತು. ಊರಲ್ಲಿ ಹೊಡೆಯೋರು ಯಾರು? ಅಲ್ಲಿ ಓಸಿ ಚೀಟಿ ಇರಲಿಲ್ಲ. ಇಲ್ಲಿ ಬಸ್ಸಿಳಿದ ಕೂಡಲೇ ಅದೇ ಟೀ ಅಂಗಡಿ, ಅದೇ ಜನ.

ನಮ್ಮೂರ ಹತ್ತಿರದ ಒಂದು ಬ್ಯಾಂಕಿಗೆ ಸಾಲ ಕೇಳಿಕೊಂಡು ಹೋದೆ. ಸರ್ಟಿಫಿಕೇಟ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಇತ್ತು. ಜಾಮೀನು ಯಾರು ಅಂತ ಕೇಳಿದರು. ಅಪ್ಪನ ಎರಡೂವರೆ ಎಕರೆ ಮೇಲೆ ಆಗಲೇ ಬೆಳೆ ಸಾಲ ಇತ್ತು. ನಾಳೆ ಬಾ, ಸೋಮವಾರ ಬಾ, ಸಾಹೇಬರು ರಜೆ ಅಂತ ನಾಲ್ಕು ತಿಂಗಳು ಓಡಾಡಿಸಿ ಆಗೋದಿಲ್ಲ ಅಂದರು. ಅವತ್ತು ಸಂಜೆ ಮತ್ತೆ ಕುಡಿದೆ.

ಮರುದಿನವೋ ಅದರ ಮರುದಿನವೋ, ಕೇಂದ್ರದಿಂದ ಫೋನ್ ಬಂತು. ಫಾಲೋಅಪ್ ಅಂತ ಅವರಲ್ಲೊಂದು ಪದ್ಧತಿ ಇದೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ಹುಡುಗರ ಬೆನ್ನು ಬಿಡೋದಿಲ್ಲ. ಫೋನ್ ಮಾಡ್ತಾರೆ, ಕಾಗದ ಬರೀತಾರೆ, ಮನೆಗೆ ಬರ್ತಾರೆ. "ಏನು ಮಾಡ್ತಿದ್ದೀಯಪ್ಪಾ?" ಅಂದರು ಸರ್. ಏನಿಲ್ಲ ಸರ್, ಸಾಲ ಸಿಗಲಿಲ್ಲ ಅಂದೆ. ಬೇಜಾರಾಗಿ ಫೋನ್ ಇಟ್ಟುಬಿಟ್ಟೆ. ಆಚೆ ಭಾನುವಾರ ಅವರು ನಮ್ಮ ಮನೆ ಮುಂದೆ ಬೈಕ್ ನಿಲ್ಲಿಸಿದ್ದರು. ಜಗುಲಿ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದರು. "ಸಾಲ ಈಗ ಬೇಡ. ಮೊದಲು ಯಾರಾದರೂ ಮೇಸ್ತ್ರಿ ಹತ್ತಿರ ಕೆಲಸಕ್ಕೆ ನಿಲ್ಲು. ಮೂವತ್ತು ದಿನದಲ್ಲಿ ನಾವು ಕೈಗೆ ಗುರುತು ಹಾಕಿದ್ದೀವಿ ಅಷ್ಟೇ. ಕೈ ಪಳಗೋಕೆ ವರ್ಷ ಬೇಕು" ಅಂದರು. ತಾವೇ ಚಳ್ಳಕೆರೆಯ ಒಬ್ಬ ಮೇಸ್ತ್ರಿಗೆ ಹೇಳಿ ಒಪ್ಪಿಸಿದರು.

ಆ ಅಂಗಡಿಯಲ್ಲಿ ಒಂದು ವರ್ಷದ ಮೇಲೆ ಇದ್ದೆ. ಕಲಿತದ್ದರಲ್ಲಿ ಒಂದನ್ನು ಹೇಳ್ತೀನಿ. ಸುಟ್ಟ ಮೋಟರ್ ಬಿಚ್ಚಿದರೆ ಅದು ಯಾಕೆ ಸುಟ್ಟಿದೆ ಅಂತ ಅದೇ ಹೇಳುತ್ತೆ. ಸ್ಟಾರ್ ಕನೆಕ್ಷನ್ ಮೋಟರಿನಲ್ಲಿ (ಮೂರೂ ಫೇಸಿನ ಒಂದೊಂದು ತುದಿ ಒಂದೇ ಕಡೆ ಸೇರಿಸಿದ್ದು) ಎರಡು ಫೇಸಿನ ಕಾಯಿಲ್ ಇದ್ದಿಲಿನ ಥರ ಕಪ್ಪಾಗಿ, ಮೂರನೆಯದು ಹೊಸದರ ಹಾಗೆ ಹೊಳೀತಿದ್ದರೆ, ಅದು ಸಿಂಗಲ್ ಫೇಸಿಂಗ್. ಮೂರು ಫೇಸಿನಲ್ಲಿ ಒಂದು ಹೋಗಿದೆ, ಮೋಟರ್ ಎರಡರಲ್ಲೇ ಒದ್ದಾಡಿದೆ. ನಮ್ಮ ಕಡೆ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡ್ತಾರೆ, ಅದರಲ್ಲಿ ಎಷ್ಟೋ ರಾತ್ರಿ ಹೊತ್ತು. ರೈತ, ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಶುರು ಮಾಡೋ ಆಟೋ ಸ್ಟಾರ್ಟರ್ ಹಾಕಿ ಮಲಗಿರ್ತಾನೆ. ನಡುರಾತ್ರಿ ಒಂದು ಫೇಸ್ ಹೋಗುತ್ತೆ. ಬೆಳಗ್ಗೆ ನೀರಿಲ್ಲ. ಆಮೇಲೆ 600 ಅಡಿಯಿಂದ ಒಂದೊಂದೇ ಪೈಪ್ ಬಿಚ್ಚುತ್ತಾ ಮೋಟರ್ ಎತ್ತಬೇಕು. ಇಪ್ಪತ್ತಡಿಯ ಪೈಪ್ ಆದರೆ ಮೂವತ್ತು. ಎತ್ತೋಕೆ ಖರ್ಚು, ಕಟ್ಟಿಸೋಕೆ ಖರ್ಚು, ಇಳಿಸೋಕೆ ಖರ್ಚು. ಇದನ್ನು ತಪ್ಪಿಸೋಕೆ, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸೋ ಪ್ರಿವೆಂಟರ್ ಇದೆ. ಆದರೆ ಅದು ಪದೇ ಪದೇ ಟ್ರಿಪ್ ಆಗುತ್ತೆ ಅಂತ ಜನ ಬೈಪಾಸ್ ಮಾಡಿಬಿಡ್ತಾರೆ. ನಾನು ಈಗ ಮೋಟರ್ ವಾಪಸ್ ಕೊಡುವಾಗ ಹೊಲಕ್ಕೆ ಹೋಗಿ ಪ್ರಿವೆಂಟರ್ ಕನೆಕ್ಷನ್ ನಾನೇ ಕೊಟ್ಟು ಬರ್ತೀನಿ. ಅದಕ್ಕೆ ದುಡ್ಡು ತಗೊಳ್ಳೋದಿಲ್ಲ.

2015ರ ಏಪ್ರಿಲ್‌ನಲ್ಲಿ ಮುದ್ರಾ ಯೋಜನೆ ಬಂತು. ಅದರಲ್ಲಿ ಶಿಶು ಅಂತ 50,000 ರೂಪಾಯಿವರೆಗೆ, ಜಾಮೀನಿಲ್ಲದ ಸಾಲ. ಪೇಪರಿನಲ್ಲಿ ನೋಡಿ ನಾನು ಫೋನ್ ಮಾಡುವ ಮೊದಲೇ ಸರ್ ಫೋನ್ ಮಾಡಿದ್ದರು. ಬೇರೆ ಬ್ಯಾಂಕಿಗೆ ಅರ್ಜಿ ಹಾಕಿಸಿದರು. ಈ ಸಲ ಆರು ವಾರದಲ್ಲಿ ಆಯಿತು. ಕೈಯಲ್ಲಿ ತಿರುಗಿಸೋ ವೈಂಡಿಂಗ್ ಮೆಷಿನ್, ಇನ್ಸುಲೇಷನ್ ಪರೀಕ್ಷಿಸೋ ಮೆಗ್ಗರ್, ಕರೆಂಟ್ ಅಳೆಯೋ ಟಾಂಗ್ ಟೆಸ್ಟರ್, ಸ್ವಲ್ಪ ತಂತಿ ತಗೊಂಡೆ. ಊರ ಮುಂದಿನ ರಸ್ತೆಯಲ್ಲಿ ಹತ್ತಡಿಯ ಒಂದು ಶೆಡ್. 2015ರ ಆಯುಧಪೂಜೆ ದಿನ ಅವ್ವ ಮೆಷಿನ್ನಿಗೆ ಕುಂಕುಮ ಹಚ್ಚಿದಳು.

2017ರಲ್ಲಿ ಉಳಿದಿದ್ದ ಎರಡು ಸಬ್ಜೆಕ್ಟ್ ಕಟ್ಟಿ ಬರೆದೆ. ಗಣಿತದಲ್ಲಿ 52, ಇಂಗ್ಲಿಷಿನಲ್ಲಿ ಸರಿಯಾಗಿ 35. ಫೀಸು ಕಟ್ಟಿದ ರಸೀದಿಯನ್ನು ಮೊದಲು ಅವ್ವನ ಕೈಗೆ ಕೊಟ್ಟೆ. ಅವಳಿಗೆ ಓದೋಕೆ ಬರೋದಿಲ್ಲ. ಆದರೂ ಹಿಂದೆ ಮುಂದೆ ತಿರುಗಿಸಿ ನೋಡಿ ದೇವರ ಗೂಡಿನಲ್ಲಿ ಇಟ್ಟಳು. 2010ರ ಸುಳ್ಳು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತಂತೆ.

ಈಗ ಮೊಳಕಾಲ್ಮೂರಿನ ಹುಡುಗನ ವಿಷಯ.

ತರಬೇತಿ ಮುಗಿದ ವರ್ಷವೇ ಅವನ ಅಪ್ಪನಿಗೆ ಸಾಲ ಹೆಚ್ಚಾಗಿ ಮಗ್ಗ ಮಾರಿದರು. ಅವನು ಮೊಬೈಲ್ ಮಾರಿದ, ನಂಬರ್ ಹೋಯಿತು. ಕೇಂದ್ರದಿಂದ ಬರೆದ ಕಾಗದ ವಿಳಾಸದಲ್ಲಿ ಯಾರೂ ಇಲ್ಲ ಅಂತ ವಾಪಸ್ ಬಂತು. ನಾನೂ ಎರಡು ಸಲ ಫೋನ್ ಮಾಡಿ, ಸ್ವಿಚ್ ಆಫ್ ಅಂತ ಸುಮ್ಮನಾದೆ. ಅಲ್ಲಿಗೇ ಸುಮ್ಮನಾದದ್ದು ನನ್ನ ತಪ್ಪು. ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಹುಡುಕಿಕೊಂಡು ಬಂದವನನ್ನು ನಾನು ಹುಡುಕಿಕೊಂಡು ಹೋಗಲಿಲ್ಲ.

2018ರಲ್ಲಿ ಊರಿನವರ ಈರುಳ್ಳಿ ಲೋಡಿನ ಜೊತೆ ಬೆಂಗಳೂರಿನ ಯಶವಂತಪುರ ಮಾರ್ಕೆಟ್ಟಿಗೆ ಹೋಗಿದ್ದೆ. ಬೆಳಗಿನ ಜಾವ ನಾಲ್ಕು ಗಂಟೆ. ಮೂಟೆ ಇಳಿಸೋ ಹಮಾಲರಲ್ಲಿ ಒಬ್ಬ ನನ್ನನ್ನೇ ನೋಡ್ತಿದ್ದ. "ಅಣ್ಣಾ" ಅಂದ. ನನಗೆ ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯಿತು. ಟೀ ಕುಡಿಯುವಾಗ ಅವನ ಕೈ ನೋಡಿದೆ. ಅಂಗೈಯೆಲ್ಲ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ನಮ್ಮೂರಿಗೆ ಬಾ, ಅಂಗಡಿ ಇದೆ, ಇಬ್ಬರೂ ಮಾಡೋಣ ಅಂದೆ. "ಆ ಕೆಲಸ ಈಗ ಮರೆತುಹೋಗಿದೆ ಅಣ್ಣಾ" ಅಂದ. ಹೆಂಡತಿ, ಮಗು, ಬಾಡಿಗೆ ಮನೆ ಎಲ್ಲ ಅಲ್ಲೇ ಇತ್ತು. ಬರಲಿಲ್ಲ.

ನಮ್ಮಿಬ್ಬರಲ್ಲಿ ಚೆನ್ನಾಗಿ ಕಲಿತವನು ಅವನು. ವ್ಯತ್ಯಾಸ ಆದದ್ದು ಒಂದು ಫೋನ್ ನಂಬರಿನಿಂದ. ಇದನ್ನು ಯೋಚಿಸಿದರೆ ಈಗಲೂ ಹೊಟ್ಟೆ ತೊಳಸುತ್ತೆ. ತರಬೇತಿ ಯೋಜನೆಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಕೇಂದ್ರದ್ದಿದೆ, ರಾಜ್ಯದ್ದಿದೆ. ಎಷ್ಟು ಜನಕ್ಕೆ ಸರ್ಟಿಫಿಕೇಟ್ ಕೊಟ್ಟೆವು ಅಂತ ಎಲ್ಲರೂ ಲೆಕ್ಕ ಇಡ್ತಾರೆ. ಮೂವತ್ತೊಂದನೇ ದಿನ ಅವನು ಎಲ್ಲಿ ಎದ್ದ, ಯಾರ ಜೊತೆ ಟೀ ಕುಡಿದ ಅಂತ ಕೇಳೋರು ಬೇಕು. ರಾಜ್ಯದಲ್ಲಿ 2024ರ ಜನವರಿಯಿಂದ ಯುವನಿಧಿ ಕೊಡ್ತಿದ್ದಾರೆ, ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಒಳ್ಳೆಯದೇ. ಆದರೆ ಹತ್ತನೇ ಕ್ಲಾಸಿಗೇ ನಿಂತವನು ಆ ಪಟ್ಟಿಯಲ್ಲಿ ಇಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಸಲ ಪರೀಕ್ಷೆ ಮಾಡಿದರು, ಅದು ನನ್ನಂಥವರಿಗೆ ನಿಜವಾಗಿ ದೊಡ್ಡ ಉಪಕಾರ. ಆದರೆ ಫೀಸು ಕಟ್ಟಿದೆಯಾ ಅಂತ ಕೇಳೋಕೆ ಒಬ್ಬ ಮನುಷ್ಯ ಬೇಕಲ್ವಾ?

ಈಗ ರಿವೈಂಡಿಂಗ್ ಬ್ಯಾಚ್ ಇದ್ದಾಗ ಕೇಂದ್ರದವರು ನನ್ನನ್ನು ಒಂದು ದಿನ ಕರೀತಾರೆ. ಅನುಭವ ಹೇಳು ಅಂತಾರೆ. ನಾನು ಜಾಸ್ತಿ ಮಾತಾಡೋದಿಲ್ಲ, ಸ್ಟೇಟರ್ ಮುಂದಿಟ್ಟು 1, 9, 17 ಗುರುತು ಹಾಕಿಸ್ತೀನಿ. ವಾಪಸ್ ಬರುವಾಗ ಪ್ರತಿಯೊಬ್ಬನ ಹತ್ತಿರ ಎರಡು ನಂಬರ್ ಬರೆಸಿಕೊಂಡು ಬರ್ತೀನಿ. ಒಂದು ಅವನದು, ಇನ್ನೊಂದು ಅವರ ಅವ್ವನದು. ಹುಡುಗರ ನಂಬರ್ ಬದಲಾಗುತ್ತೆ. ಅವ್ವಂದಿರ ನಂಬರ್ ಅಷ್ಟು ಬೇಗ ಬದಲಾಗೋದಿಲ್ಲ. ಸೋಮವಾರ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಫೋನ್ ಮಾಡ್ತಾ ಕೂರ್ತೀನಿ. ನೋಟ್‌ಬುಕ್ಕಿನಲ್ಲಿ ಈಗ 64 ಹೆಸರು ಇವೆ. 41 ಜನ ಮೋಟರಿನ ಕೆಲಸದಲ್ಲೇ ಇದ್ದಾರೆ.

ಹೋದ ಬ್ಯಾಚಿನ ಒಬ್ಬ ಹುಡುಗ ಮೂರು ವಾರದಿಂದ ಫೋನ್ ಎತ್ತುತ್ತಿಲ್ಲ. ಮೊನ್ನೆ ಅವನ ಅವ್ವನಿಗೆ ಮಾಡಿದೆ. "ಮನೇಲೇ ಅದಾನೆ ಕಣಪ್ಪಾ. ಎದ್ದೇಳೋದೇ ಇಲ್ಲ" ಅಂದರು. ಭಾನುವಾರ ಬರ್ತೀನಿ, ಎಲ್ಲೂ ಹೋಗದ ಹಾಗೆ ನೋಡಿಕೊಳ್ಳಿ ಅಂದಿದ್ದೀನಿ. ಅವರ ಪಕ್ಕದ ಹೊಲದವರ ಮೋಟರ್ ಸುಟ್ಟಿದೆಯಂತೆ, ಎತ್ತಬೇಕಂತೆ. ಚೈನ್ ಪುಲ್ಲಿ ತಗೊಂಡು ಹೋಗ್ತೀನಿ. ಪೈಪ್ ಬಿಚ್ಚೋಕೆ ನನಗೂ ಒಬ್ಬ ಜೋಡಿ ಬೇಕು.